ಇಂದ್ರವ್ವ ಹೆಣವಾದ ದಿನ

ಘೋಡಗೇರಿಯ ಇಂದ್ರವ್ವ ಮೂವತ್ತು ವರ್ಷ ಸಣ್ಣಾಟದಲ್ಲಿ ಬಣ್ಣ ಹಚ್ಚಿದವಳು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಅವಳು ರಾಣಿಯಾಗಿ ನಿಲ್ಲದ ಆಟದ ಅಟ್ಟವಿಲ್ಲ. ಆಟ ನೋಡುವಾಗ ಊರೆಲ್ಲ 'ಭಲೇ ಇಂದ್ರವ್ವಾ' ಎನ್ನುತ್ತಿತ್ತು; ಬೆಳಗಾದರೆ ಅದೇ ಊರಿಗೆ ಅವಳು 'ಆಟದಾಕಿ'. ಆಟದಾಕಿಯನ್ನು ಯಾವ ಮನೆಯವರೂ ಶುಭಕಾರ್ಯಕ್ಕೆ ಕರೆಯುವುದಿಲ್ಲ. ಇದು ಎಲ್ಲಿಯ ನ್ಯಾಯವೋ, ಆ ದೇವರೇ ಹೇಳಬೇಕು!

ಹೋದ ವಾರ ಬಾಜೂ ಮನೆಯ ಉದ್ದವ್ವನ ಮಗಳಿಗೆ ಚೊಚ್ಚಲ ಬಸಿರಿನ ಕುಬಸ. ಎರಡೂ ಮನೆಗಳಿಗೆ ಒಂದೇ ಗೋಡೆ. ಆ ಹುಡುಗಿ ನಡೆಯಲು ಕಲಿತದ್ದೇ ಇಂದ್ರವ್ವನ ಅಂಗಳದಲ್ಲಿ. ಬಸುರಿಯ ಉಡಿ ತುಂಬಲೆಂದು ಇಂದ್ರವ್ವ ಹಸಿರು ಖಣ ತಂದಿಟ್ಟು, ಇಂದಾದರೂ ಕರೆದಾರೆಂದು ಹೊಸ್ತಿಲಲ್ಲೇ ಕಾದಳು. ಹೋಳಿಗೆಯ ವಾಸನೆ ಬಂತು, ಆರತಿ ಹಾಡು ಕೇಳಿಸಿತು, ಕರೆ ಮಾತ್ರ ಬರಲಿಲ್ಲ. ಖಣವನ್ನು ಮಡಚಿ ಟ್ರಂಕಿಗೆ ಹಾಕಿದಳು.

ಅಂಥದ್ದರಲ್ಲಿ ಬೆಂಗಳೂರಿನ ಸಿನಿಮಾದವರು ಬಂದರು. ನಿಗೂಢ ಕೊಲೆಯ ಕತೆಯಂತೆ. ಊರ ಹಳೆಯ ವಾಡೆಯ ತುಂಬ ಹೊಗೆ ಬಿಟ್ಟು ಮಂಜು ಮಾಡಿದ್ದರು. ಇಂದ್ರವ್ವನಿಗೆ ಕೊಟ್ಟ ಪಾತ್ರವೋ, ಹೆಣ! ವಿಷ ಉಂಡು ಸತ್ತ ವಾಡೆಯ ಒಡತಿ.

"ಇಷ್ಟ ವರ್ಷ ಈ ಬಾಯಿಲೆ ದುಡದ ಉಂಡೇನಿ. ಈಗ ಬಾಯಿ ಮುಚ್ಚೂ ಪಾತ್ರ ಏನ್ರಿ?" ಎಂದು ರೇಗಿದಳು. ಆದರೂ ಪಾತ್ರ ಪಾತ್ರವೇ ಎಂದು ಒಪ್ಪಿದಳು. ಮಲಗಿ ಎಂದರೆ ಮಾತ್ರ ಮಲಗಲಿಲ್ಲ. "ನಮ್ಮ ಕಡೆ ಹೆಣಾ ಮಲಗಸಂಗಿಲ್ರಿ, ಗ್ವಾಡಿಗಿ ಆನಿಸಿ ಕುಂದ್ರಸ್ತಾರ," ಎಂದು ತಾನೇ ವಿಭೂತಿ ಬಳಿದುಕೊಂಡು ಗೋಡೆಗೆ ಒರಗಿ ಕೂತಳು. ಆ ಹೊಗೆಯಲ್ಲಿ ಅವಳನ್ನು ಕಂಡು ಕ್ಯಾಮೆರಾದವನೇ ಎರಡು ಹೆಜ್ಜೆ ಹಿಂದೆ ಸರಿದ.

ಅಳಲು ಊರ ಹೆಂಗಸರನ್ನೇ ಕರೆದಿದ್ದರು. ಉದ್ದವ್ವ ಎಲ್ಲರಿಗಿಂತ ಮುಂದೆ. "ಸುಮ್ನೆ ಅಳಿ, ಸಾಕು," ಎಂದ ನಿರ್ದೇಶಕ. ಪಾಪ, ಅವನಿಗೇನು ಗೊತ್ತು! ಈ ಕಡೆಯ ಹೆಂಗಸರಿಗೆ ಸುಮ್ಮನೆ ಅಳಲು ಬರುವುದಿಲ್ಲ. ಸತ್ತವರ ಗುಣ ಹಾಡಿಕೊಂಡೇ ಅಳಬೇಕು. ಕತೆಯ ಒಡತಿಯ ಗುಣ ಯಾರಿಗೆ ಗೊತ್ತು? ಎದುರಿಗಿದ್ದ ಇಂದ್ರವ್ವನದೇ ಬಾಯಿಗೆ ಬಂತು.

"ಯಾರಿಗೂ ಎರಡ ಬಗೀಲಿಲ್ಲ ನನ್ನವ್ವಾ, ಬಂಗಾರದ ಗುಣದಾಕಿ!" ಎಂದು ಉದ್ದವ್ವ ಎದೆ ಬಡಿದುಕೊಂಡಳು. ಉಳಿದವರು ದನಿಗೂಡಿಸಿದರು. ಸತ್ತ ಎಮ್ಮೆಗೆ ಹಂಡೆ ಹಾಲು ಅನ್ನುತ್ತಾರಲ್ಲ, ಹಾಗೆ ಹರಿಯಿತು ಹೊಗಳಿಕೆ. ಇಂದ್ರವ್ವ ಉಸಿರು ಬಿಗಿಹಿಡಿದು ಎಲ್ಲ ಕೇಳಿದಳು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಉದ್ದವ್ವ ಇನ್ನೂ ರಾಗ ಎಳೆದಳು: "ನನ್ನ ಮಗಳ ಕುಬಸದಾಗ ನೀನ ಉಡಿ ತುಂಬಬೇಕಿತ್ತಲ್ಲ, ನನ್ನ ತಂಗೆವ್ವಾ!"

ಹೆಣ ಕಣ್ಣು ಬಿಟ್ಟಿತು.

"ಏ ಉದ್ದವ್ವಾ, ನನ್ನ ಕರದಿದ್ದೇನ ನೀ? ಗ್ವಾಡಿ ಆಚೀಕ ಖಣಾ ಹಿಡ್ಕೊಂಡ ಕುಂತಿದ್ನೆಲ್ಲ! ಜೀವಂತ ಇದ್ದಾಕಿ ಮೈಲಿಗಿ, ಸತ್ತಾಕಿ ಬಂಗಾರ? ನಾಚಿಕಿ ಬರೂದಿಲ್ಲ ನಿಮಗ?"

"ಅಮ್ಮ, ನೀವು ಸತ್ತಿದ್ದೀರ, ಮಾತಾಡ್ಬಾರ್ದು," ಎಂದು ನಿರ್ದೇಶಕ ಕೈಮುಗಿದ.

"ಸಾಯೂದ ಹೆಂಗಂತ ನನಗ ಕಲಸಬ್ಯಾಡ್ರಿ. ಮೂವತ್ತ ವರ್ಷ ಈ ಊರಾಗ ಅದ ಪಾತ್ರ ಮಾಡೇನಿ," ಎಂದು ಇಂದ್ರವ್ವ ಮತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಕ್ಯಾಮೆರಾ ಮತ್ತೆ ಶುರುವಾಯಿತು. ಈ ಸಲ ಹಾಡಲು ಯಾರಿಗೂ ಬಾಯಿ ಬರಲಿಲ್ಲ. "ಅಳಿ, ಅಳಿ," ಎಂದು ನಿರ್ದೇಶಕ ಪಿಸುಗುಟ್ಟಿದ. ಕೊನೆಗೆ ಉದ್ದವ್ವ ಕೂತಲ್ಲಿಂದಲೇ ಸರಿದು ಬಂದು ಹೆಣದ ಪಾದ ಹಿಡಿದಳು. ಈಗಿನ ಕಣ್ಣೀರು ಖರೆ ಕಣ್ಣೀರು.

"ತಪ್ಪಾತವ್ವಾ. ಹುಟ್ಟೂ ಕೂಸಿನ ತೊಟ್ಟಲಕ್ಕ ಬಾ. ಮದಲನೇ ಜೋಗುಳ ನೀನ ಹಾಡ."

ಮೂವತ್ತು ವರ್ಷ ಬಾರದ ಕರೆ, ಊರ ಹೆಂಗಸರೆಲ್ಲರ ಎದುರಿಗೇ ಬಂದಿತ್ತು. ನಿರ್ದೇಶಕ 'ಕಟ್' ಎಂದ ಮೇಲೂ, ಆ ಕರೆಯನ್ನು ಇನ್ನೊಮ್ಮೆ ಕೇಳಬೇಕೆಂಬಂತೆ, ಹೆಣ ಹೆಣವಾಗಿಯೇ ಕೂತಿತ್ತು.