ಬಣ್ಣ ಮುಟ್ಟದ ಜುಬೇದಾ ಆಪಾ

ಬೇರೆ ಫೋಟೋಗ್ರಾಫರುಗಳೆಲ್ಲ ‘ಸ್ಮೈಲ್ ಪ್ಲೀಸ್’ ಎನ್ನುತ್ತಾರೆ, ನಮ್ಮ ಫೋಟೋಗ್ರಾಫರ್ ಜುಬೇದಾ ಆಪಾ ಗದರುತ್ತಿದ್ದರು. “ನಗಬೇಡಿ! ಯಾರ್ರೀ ನಿಮಗೆ ನಗಿ ಅಂದಿದ್ದು? ನಗು ಬಂದಾಗ ನಾನೇ ತೆಗೀತೀನಿ.” ಹೀಗೆ ಬೈಸಿಕೊಂಡ ಮೇಲೆ ಯಾರಿಗೆ ತಾನೆ ನಗು ತಡೆಯಲು ಸಾಧ್ಯ? ಅಷ್ಟರಲ್ಲಿ ಅವರು ಫೋಟೋ ತೆಗೆದು ಮುಗಿಸಿರುತ್ತಿದ್ದರು. ಮೊಣಕೈವರೆಗೆ ಮಡಚಿದ ಬುರ್ಖಾದ ತೋಳು, ಹಣೆಯ ಮೇಲೇರಿಸಿದ ಕನ್ನಡಕ, ಮತ್ತು ಯಾವ ಹೊತ್ತಿನಲ್ಲೂ ಯಾರದೋ ಮೇಲೆ ಸಿಟ್ಟು. ಬೆಳಕಿಗೆ ಅಡ್ಡ ನಿಂತವರ ಮೇಲೆ, ಮುಹೂರ್ತದ ಹೊತ್ತಿಗೆ ಮೊಬೈಲ್ ಎತ್ತಿ ಹಿಡಿಯುವವರ ಮೇಲೆ, ಒಮ್ಮೊಮ್ಮೆ ಸೂರ್ಯನ ಮೇಲೂ.

ಆರ್.ಟಿ. ನಗರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಅವರ ಸ್ಟುಡಿಯೋ ಇತ್ತು. ಹೆಣ್ಣುಮಕ್ಕಳ ಕಡೆಯ ಫೋಟೋಗಳಿಗೆಂದೇ ಮುಸ್ಲಿಂ ಮದುವೆಗಳಲ್ಲಿ ಅವರಿಗೆ ಬೇಡಿಕೆ. ನಮ್ಮ ಬೀದಿಯ ಅಮ್ಮಂದಿರೂ ಮಗಳ ಫೋಟೋ ಎಂದರೆ ಅಲ್ಲಿಗೇ ಹೋಗುತ್ತಿದ್ದರು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಹಾಲ್ ಟಿಕೆಟ್ಟಿನ ಫೋಟೋಗೆ ಅಮ್ಮ ನನ್ನನ್ನು ಕರೆದುಕೊಂಡು ಹೋದಳು. ನಾನು ಕಪ್ಪು. ಎಣ್ಣೆಗಪ್ಪು, ಕೃಷ್ಣವರ್ಣ ಎಂದೆಲ್ಲ ಹೇಳಿ ಸಮಾಧಾನ ಮಾಡುವವರ ಮೇಲೆ ನನಗೆ ಈಗಲೂ ಕೋಪ ಬರುತ್ತದೆ. ಕಪ್ಪು ಅಂದರೆ ಕಪ್ಪು, ಅದಕ್ಕೆ ಸಮಾಧಾನ ಯಾಕೆ ಬೇಕು? ಅಮ್ಮ ದನಿ ತಗ್ಗಿಸಿ, “ಸ್ವಲ್ಪ ಬೆಳ್ಳಗೆ ಬರೋ ಹಾಗೆ ತೆಗೀರಿ ಆಪಾ” ಅಂದಳು.

ಆಪಾ ದನಿ ತಗ್ಗಿಸುವವರಲ್ಲ. “ಪರೀಕ್ಷೆ ಹಾಲ್‌ನಲ್ಲಿ ಮೇಡಂ ಇವಳನ್ನ ಗುರುತು ಹಿಡೀಬೇಕಾ ಬೇಡ್ವಾ? ಬೆಳ್ಳಗೆ ಮಾಡಿ ಕೊಡ್ತೀನಿ, ಆಮೇಲೆ ಇದು ನಮ್ಮ ಹುಡುಗಿ ಅಲ್ಲ ಅಂತ ಹೊರಗೆ ಹಾಕಿದ್ರೆ ನೀನು ಬಂದು ಪರೀಕ್ಷೆ ಬರೀತೀಯಾ?” ಅಂದರು. ಅವತ್ತಿನಿಂದ ನಾನು ಆಪಾ ಪಕ್ಷ. ಅವರು ನನಗಿಂತಲೂ ಒಂದು ಕೈ ಹೆಚ್ಚು ಕಪ್ಪಗಿದ್ದರು, ಅದರ ಬಗ್ಗೆ ಅವರಿಗೆ ಒಂದಿಷ್ಟೂ ಸಂಕೋಚವಿರಲಿಲ್ಲ.

ಹಾಗಾಗಿ ನನ್ನ ಮದುವೆ ಗೊತ್ತಾದಾಗ ನಾನು ಹಾಕಿದ ಷರತ್ತು ಒಂದೇ. ಫೋಟೋ ಆಪಾನೇ ತೆಗೆಯಬೇಕು. ನನ್ನ ಗಂಡ ಕಿರಣನ ಮನೆಯವರು ಯಲಹಂಕದ ಆಚೆ ತಲೆತಲಾಂತರದಿಂದ ಬೇಸಾಯ ಮಾಡಿಕೊಂಡಿದ್ದವರು, ಈಗ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. ಉಳಿಸಿಕೊಂಡಿದ್ದ ತೋಟದ ಮನೆಯಲ್ಲೇ ಮದುವೆ ಆಯಿತು. ಛತ್ರವಿಲ್ಲ, ಸ್ಟೇಜಿಲ್ಲ, ಉಡುಗೊರೆ ಹಿಡಿದು ಸಾಲಿನಲ್ಲಿ ನಿಲ್ಲುವ ಗೋಳಿಲ್ಲ. ಹಲಸಿನ ಮರದ ಕೆಳಗೆ ಚಪ್ಪರ ಹಾಕಿ ಧಾರೆ ಎರೆದರು. ಊಟವಾದ ಮೇಲೆ ನೆಂಟರು ಚಾಪೆಯ ಮೇಲೆ ಕಾಲು ಚಾಚಿ ಹರಟೆಗೆ ಕೂತರು. ನಾನು ಧಾರೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಿಕ್ಕಮ್ಮನ ಮಕ್ಕಳ ಜೊತೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದೆ. ಮುಖದ ಮೇಲೆ ಬೆವರು, ಒಂಟಿಗಾಲು, ಕೆದರಿದ ಮಲ್ಲಿಗೆ ದಂಡೆ. ಆಪಾ ಮಣ್ಣಿನಲ್ಲೇ ಮಂಡಿಯೂರಿ ಫೋಟೋ ತೆಗೆದರು. ಅದೇ ಅಂಗಳದ ಮೂಲೆಯಲ್ಲಿ ನಮ್ಮತ್ತೆ ಅವರನ್ನು ಹಿಡಿದುಕೊಂಡಿದ್ದು.

“ಆಲ್ಬಮ್ ಮಾಡ್ವಾಗ ಒಸಿ ಉಡುಗಿ ಮಕ ಬೆಳ್ಳಗ್ ಮಾಡ್ಬುಡಿ. ಈಗೆಲ್ಲ ಕಂಪ್ಯೂಟರ್‌ನಾಗೆ ಮಾಡ್ತಾರಂತಲ್ಲ.”

“ಮಾಡ್ತಾರೆ. ನಾನು ಮಾಡಲ್ಲ. ಬೆಳಕು ಕಮ್ಮಿ ಇದ್ರೆ ಬೆಳಕು ಜಾಸ್ತಿ ಮಾಡ್ತೀನಿ, ಬಣ್ಣ ಮುಟ್ಟಲ್ಲ” ಎಂದು ಆಪಾ ಹೋಗಿಯೇಬಿಟ್ಟರು.

ಅತ್ತೆ ಅಷ್ಟಕ್ಕೇ ಬಿಟ್ಟವರಲ್ಲ. ಆಪಾ ಫೋಟೋಗಳನ್ನು ಕೊಟ್ಟ ಮೇಲೆ ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಬೇರೆ ಯಾವನೋ ಆಲ್ಬಮ್ಮಿನವನಿಗೆ ಕೊಟ್ಟರು. ನಮಗೆ ಗೊತ್ತಾಗಿದ್ದು ಯುಗಾದಿಯ ದಿನ. ಹಾಲ್‌ನ ಗೋಡೆಯ ಮೇಲೆ ದೊಡ್ಡ ಫ್ರೇಮಿನಲ್ಲಿ ಕುಂಟೆಬಿಲ್ಲೆಯ ಫೋಟೋ. ನನ್ನ ಮುಖ ಸುಣ್ಣ ಹೊಡೆದ ಗೋಡೆ. ಬೆವರಿಲ್ಲ, ಕೆನ್ನೆಯ ಮೇಲಿನ ಮಚ್ಚೆಯೂ ಇಲ್ಲ. ಆ ಪುಣ್ಯಾತ್ಮ ಕೈಕಾಲು ಮರೆತಿದ್ದ! ಬಿಳಿ ಮುಖದ ಕೆಳಗೆ ನನ್ನ ಕಪ್ಪು ಕೈ, ಎತ್ತಿದ ಕಪ್ಪು ಕಾಲು. ಯಾರದೋ ತಲೆಯನ್ನು ನನ್ನ ಕತ್ತಿಗೆ ಅಂಟಿಸಿದ ಹಾಗಿತ್ತು. ನನ್ನ ಮದುವೆಯ ಫೋಟೋದಲ್ಲಿ ನನ್ನನ್ನೇ ಅಳಿಸಿ ನನ್ನ ಮನೆಯ ಗೋಡೆಗೇ ಹೊಡೆದಿದ್ದರು.

ಅವತ್ತು ಒಬ್ಬಟ್ಟು ತಿನ್ನಲು ಆಪಾನನ್ನು ನಾನೇ ಕರೆದಿದ್ದೆ. ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಲೇ ಗೋಡೆ ನೋಡಿದರು. ಕನ್ನಡಕ ಹಣೆಯಿಂದ ಕಣ್ಣಿಗೆ ಇಳಿಯಿತು.

“ಯಾರಮ್ಮ ಇದು?”

“ನಮ್ ಸೊಸೇನೆಯ” ಅಂದರು ಅತ್ತೆ. “ನಾಕ್ ಜನ ಮನೀಗ್ ಬತ್ತಾರೆ, ನೋಡ್ತಾರೆ. ಅದ್ಕೇ ಇಂಗೆ ಮಾಡ್ಸಿವ್ನಿ.”

“ಆ ನಾಲ್ಕು ಜನ ಮದುವೆಗೆ ಬಂದಿದ್ರಲ್ಲಮ್ಮ! ಇವಳನ್ನ ಕಣ್ಣಾರೆ ನೋಡಿ, ಹೊಟ್ಟೆ ತುಂಬ ಉಂಡು, ಎಲೆ ಅಡಿಕೆ ಹಾಕ್ಕೊಂಡು ಹೋದ್ರಲ್ಲ! ಯಾರಿಗೆ ಮೋಸ ಮಾಡ್ತಿದೀರಿ ನೀವು?”

ಅತ್ತೆಯ ಮುಖ ಇಳಿಯಿತು. ಜಗಳವಾಗುತ್ತದೆ ಎಂದು ಕಿರಣ ಎದ್ದು ನಿಂತ. ಆದರೆ ಅತ್ತೆ ಸೋಫಾದ ತುದಿಯಲ್ಲಿ ಕೂತು, ಯಾರ ಮುಖವನ್ನೂ ನೋಡದೆ ಹೇಳಿದರು. “ನನ್ ಮದ್ವೇಲಿ ನಮ್ಮತ್ತೆ ಎಲ್ಲಾರ್ ಮುಂದೆ ನನ್ ಮಕ ತೊಳ್ಸಿ ಪೌಡರ್ ಬಳ್ಸಿದ್ರು. ಸಾಲ್ದು ಅಂತ ಮತ್ತೆ ಬಳ್ಸಿದ್ರು. ಇವಳ್ಗೆ ಅದು ಬ್ಯಾಡ ಅಂತ ಕಂಪ್ಯೂಟರ್‌ನಾಗೆ ಮಾಡ್ಸಿದೆ.”

ಆಪಾ ಅವರ ಪಕ್ಕದಲ್ಲಿ ಕೂತರು. ಅವರು ದನಿ ತಗ್ಗಿಸಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. “ನಿಮ್ಮ ಆ ಮದುವೆ ಫೋಟೋ ಆಮೇಲೆ ಯಾವತ್ತಾದ್ರೂ ತೆಗೆದು ನೋಡಿದ್ದೀರಾ ಅಮ್ಮ?”

ಅತ್ತೆ ಎದ್ದು ಒಬ್ಬಟ್ಟು ತರಲು ಒಳಗೆ ಹೋದರು. ನಾನು ಸ್ಟೂಲು ಹತ್ತಿ ಫ್ರೇಮು ಇಳಿಸಿದೆ. ಮುಂದಿನ ವಾರ ಆಪಾ ತೆಗೆದ ಫೋಟೋವನ್ನು ಇದ್ದ ಹಾಗೆಯೇ ನಾನು ಪ್ರಿಂಟ್ ಹಾಕಿಸಿ ತಂದಾಗ ಅದಕ್ಕೆ ಮೊಳೆ ಹೊಡೆದವರು ಅತ್ತೆಯೇ. ಹೊಡೆಯುವಾಗ ನನ್ನ ಜೊತೆ ಮಾತಾಡಲಿಲ್ಲ ಅನ್ನುವುದನ್ನೂ ಹೇಳಬೇಕು.

ಈ ವರ್ಷ ರಂಜಾನ್ ಮುಗಿದ ಮೇಲೆ ಆಪಾ ತೀರಿಕೊಂಡರು. ಎದೆನೋವು ಅಂದರಂತೆ, ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುದ್ದಿ ಕೇಳಿ ಅವರ ಮನೆಗೆ ಹೊರಟೆ. ಬೀದಿಯ ತಿರುವಿನಲ್ಲಿ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದ್ದರು. ಯಾರೋ ಗುಲಾಬಿ ಬಣ್ಣದ ಹೆಂಗಸು ಎಂದುಕೊಂಡು ಅದರ ಕೆಳಗೇ ಹಾದುಹೋದೆ. ಹೆಸರು ಕಣ್ಣಿಗೆ ಬಿದ್ದು ನಾಲ್ಕು ಹೆಜ್ಜೆ ಹಿಂದಕ್ಕೆ ಬಂದೆ.

ಜುಬೇದಾ ಆಪಾ. ಕೆನ್ನೆ ಗುಲಾಬಿ, ಹಣೆ ಬೆಳ್ಳಿ.

ಏರಿಯಾದ ಫೋಟೋಗ್ರಾಫರುಗಳೇ ಸೇರಿ ಹಾಕಿಸಿದ್ದು. ಅವರಲ್ಲೊಬ್ಬ ಅಲ್ಲೇ ನಿಂತು ಫ್ಲೆಕ್ಸಿನ ಹಗ್ಗ ಬಿಗಿಯುತ್ತಿದ್ದ. “ಇದು ಯಾರ್ರೀ?” ಅಂದೆ.

“ನಮ್ಮ ಆಪಾ, ಮೇಡಂ. ಪಾಪ, ಹೋಗ್ಬಿಟ್ರು. ನಾನೇ ಡಿಸೈನ್ ಮಾಡಿದ್ದು. ಸತ್ತೋರನ್ನಾದ್ರೂ ಸ್ವಲ್ಪ ಚೆನ್ನಾಗಿ ತೋರಿಸ್ಬೇಕಲ್ವಾ?”

ಅವನ ಕಣ್ಣು ಕೆಂಪಾಗಿತ್ತು, ಅತ್ತಿದ್ದ ಅಂತ ಕಾಣುತ್ತದೆ. ಅದನ್ನು ನೋಡಿಯೂ ನನಗೆ ತಡೆಯಲಾಗಲಿಲ್ಲ. “ಇಳಿಸ್ರೀ ಇದನ್ನ! ಜೀವಮಾನವಿಡೀ ಒಬ್ಬರ ಬಣ್ಣಾನೂ ಮುಟ್ಟದೇ ಇದ್ದೋರು ಅವರು. ಅವರ ಮುಖಕ್ಕೇ ಸುಣ್ಣ ಬಳಿದಿದ್ದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?” ಆಟೋಗಳು ನಿಂತವು. ಬೇಕರಿಯವರು ಹೊರಗೆ ಬಂದರು.

ಅವನು ಹಗ್ಗ ಬಿಚ್ಚಿದ. ಬಿಚ್ಚುತ್ತಾ, ಅರ್ಧ ಅಳು ಅರ್ಧ ನಗುವಿನಲ್ಲಿ, “ಆಪಾ ಇದ್ದಿದ್ರೆ ಹಿಂಗೇ ಬೈತಿದ್ರು ಮೇಡಂ” ಅಂದ.

ಇಲ್ಲವಲ್ಲ. ಅದಕ್ಕೇ ನಾನು ಬೈಯಬೇಕಾಯಿತು.