ಹಡಗಿನ ಕ್ಯಾಪ್ಟನ್‌ಗೂ ಒಂದು ತರ್ಪಣ

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಪುರೋಹಿತರು ಫೋನ್ ಮಾಡಿದರು. ನನ್ನ ಯಜಮಾನರು ತೀರಿಕೊಂಡ ಮೊದಲ ವರ್ಷ ಪಕ್ಷ ಮಾಡುವ ಹಾಗಿರಲಿಲ್ಲ. ಈಗ ವರ್ಷಾಬ್ದಿಕ ಮುಗಿದಿತ್ತು. ಮಗ ಆಸ್ಟಿನ್‌ನಿಂದ ಬಂದು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ನಮ್ಮ ಮನೆಯಲ್ಲೇ ತರ್ಪಣ ಕೊಡುವುದೆಂದು ಮಾತಾಗಿತ್ತು. ಎಳ್ಳು, ದರ್ಭೆ ಅವರೇ ತರುತ್ತಾರೆ, ಬಾಳೆಎಲೆ ನಾನು ತಂದಿಡಬೇಕು. ಇಷ್ಟು ಹೇಳಿ ಫೋನ್ ಇಡುವ ಮುನ್ನ ಅವರು ಕೇಳಿದರು.

"ಅಮ್ಮಾ, ಒಂದು ವಿಷ್ಯ. ರಾಯರು ಕೊನೇಲಿ ಒಬ್ಬ ಇಂಗ್ಲಿಷ್ ಕ್ಯಾಪ್ಟನ್‌ಗೆ ಕೊಡ್ತಿದ್ರಂತಲ್ಲ, ಅದನ್ನ ಮುಂದುವರಿಸೋದಾ, ಬಿಡೋದಾ?"

"ಏನು ಕೊಡ್ತಿದ್ರು?"

"ತರ್ಪಣ. ಹಡಗಿನ ಕ್ಯಾಪ್ಟನ್‌ಗೆ. ನನಗೂ ಜಾಸ್ತಿ ಗೊತ್ತಿಲ್ಲ. ಹಿಂದೆ ನಿಮ್ಮನೇಗೆ ಬರ್ತಿದ್ದ ಹಿರಿಯರು ಡಲ್ಲಾಸ್‌ಗೆ ಶಿಫ್ಟ್ ಆಗೋವಾಗ ಹೇಳಿಹೋದ್ರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ತಾನೆ. ಯುದ್ಧ ಮಾಡಿದ ಮನುಷ್ಯ ಅಂತ ಕ್ಷತ್ರಿಯರ ಹಾಗೆ ವರ್ಮ ಅಂತಲೂ ಸೇರಿಸ್ತಿದ್ರಂತೆ. ಪಾಪ, ಆ ಬಿಳಿಯಪ್ಪನಿಗೆ ಗೊತ್ತಿದ್ದಿದ್ರೆ ಏನಂತಿದ್ನೋ."

ಯೋಚಿಸಿ ಹೇಳುತ್ತೇನೆ ಎಂದೆ. ನನ್ನ ಯಜಮಾನರು ತರ್ಪಣಕ್ಕೆ ಕೂತಾಗ ನಾನು ಯಾವಾಗಲೂ ಅಡುಗೆಮನೆಯಲ್ಲಿರುತ್ತಿದ್ದೆ. ಮಡಿಯಲ್ಲಿ ವಡೆ ಕರಿಯುತ್ತಾ, ಹೊಗೆಗೆ ಅಲಾರಂ ಬಡಿದುಕೊಳ್ಳದಂತೆ ಕಿಟಕಿ ತೆಗೆಯುತ್ತಾ. ಹಾಲ್‌ನಲ್ಲಿ ಯಾರಿಗೆಲ್ಲ ನೀರು ಬಿಟ್ಟರು ಎಂದು ಕೇಳಿದವಳಲ್ಲ.

ಆ ಕ್ಯಾಪ್ಟನ್ ಮಾತ್ರ ನನಗೆ ಹೊಸಬನಲ್ಲ. ನಮ್ಮನ್ನು ಬಲ್ಲ ಯಾರಿಗೂ ಹೊಸಬನಲ್ಲ. ನನ್ನ ಮಾವನವರು ಉಡುಪಿ ಕಡೆಯವರು. ಮಹಾಯುದ್ಧದ ಕಾಲದಲ್ಲಿ ಇಪ್ಪತ್ತು ವರ್ಷದ ಹುಡುಗನಾಗಿ ಒಂದು ಸರಕಿನ ಹಡಗಿನಲ್ಲಿ ವೈರ್‌ಲೆಸ್ ಕೆಲಸಕ್ಕಿದ್ದರು. ಹಿಂದೂ ಮಹಾಸಾಗರದಲ್ಲಿ ಜಪಾನಿನ ಸಬ್‌ಮರೀನ್ ಆ ಹಡಗನ್ನು ಮುಳುಗಿಸಿತು. ತೇಲುತ್ತಿದ್ದ ಹಲಗೆ ಹಿಡಿದುಕೊಂಡು ನೀರಿನಲ್ಲಿದ್ದವರ ಕಡೆಗೆ ಬ್ರಿಟಿಷರ ಒಂದು ಹಡಗು ಬಂತು. ವಿಮಾನಗಳನ್ನು ಹೊತ್ತು ತಿರುಗುವ ಸಣ್ಣ ಜಾತಿಯ ಹಡಗು. ಎಸ್ಕಾರ್ಟ್ ಕ್ಯಾರಿಯರ್ ಎನ್ನುತ್ತಾರೆ. ಅದರ ಕ್ಯಾಪ್ಟನ್, ನೀರೊಳಗೆ ಶತ್ರು ಹೊಂಚುಹಾಕುತ್ತಿದ್ದರೂ, ನಾಲ್ಕಾರು ಕಪ್ಪು ಜನರಿಗಾಗಿ ಅಷ್ಟು ದೊಡ್ಡ ಹಡಗನ್ನು ನಿಲ್ಲಿಸಿದ. "ಅವನು ನಿಲ್ಲಿಸದಿದ್ದರೆ ನಾನಿಲ್ಲ, ನನ್ನ ಮಕ್ಕಳಿಲ್ಲ" ಎಂಬಲ್ಲಿಗೆ ಮುಗಿಯುತ್ತಿತ್ತು.

ಇದು ನನ್ನ ಯಜಮಾನರು ಹೇಳುತ್ತಿದ್ದ ಕಥೆ. ಪಾಟ್‌ಲಕ್ ಊಟಗಳಲ್ಲಿ, ಗೃಹಪ್ರವೇಶಗಳಲ್ಲಿ, ಮಗನ ಮದುವೆಯಲ್ಲಿ ಮೈಕ್ ಹಿಡಿದು. ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ಪಕ್ಕದೂರು ಮಿಸೌರಿ ಸಿಟಿಯ ಅವರ ಗೆಳೆಯರು ತಮ್ಮ ಹೆಂಡತಿಯರಿಗೆ, "ಏ, ಹಡಗು ಬಂತು ಕಣೇ, ಅನ್ನ ಬಡಿಸಿಬಿಡು, ದಡ ಸೇರೋಷ್ಟರಲ್ಲಿ ಆರಿಹೋಗುತ್ತೆ" ಎನ್ನುತ್ತಿದ್ದರು. ಇವರೂ ನಗುತ್ತಿದ್ದರು. ಆದರೆ ಕಥೆ ನಿಲ್ಲಿಸುತ್ತಿರಲಿಲ್ಲ.

ಅವರು ಸಮುದ್ರದಲ್ಲಿ ಎಣ್ಣೆ ತೆಗೆಯುವ ಕಟ್ಟೆಗಳನ್ನು ವಿನ್ಯಾಸ ಮಾಡುವ ಎಂಜಿನಿಯರ್. ನಿವೃತ್ತಿಯಾದ ಮೇಲೆ ಆ ಕ್ಯಾಪ್ಟನ್ ಬಗ್ಗೆ ಓದಲು ಕೂತರು. ಊಟದ ಹೊತ್ತಿಗೆ ನನಗೆ ತುಂಡು ತುಂಡಾಗಿ ಹೇಳುವರು. ಅವನ ಹಡಗು ಹುಟ್ಟಿದ್ದು ಇದೇ ಅಮೆರಿಕದಲ್ಲಂತೆ, ಸರಕಿನ ಹಡಗಾಗಬೇಕಿದ್ದದ್ದರ ಮೇಲೆ ಮರದ ಅಟ್ಟ ಹಾಸಿ ವಿಮಾನ ಇಳಿಯುವಂತೆ ಮಾಡಿ ಬ್ರಿಟಿಷರಿಗೆ ಕೊಟ್ಟದ್ದಂತೆ. ಮೊದಲು ಉತ್ತರದ ಹಿಮಸಮುದ್ರದಲ್ಲಿ ಸರಕು ಹಡಗುಗಳ ಗುಂಪಿಗೆ ಕಾವಲು ಹೋದನಂತೆ, ಅಲ್ಲಿ ಹಡಗಿನ ಅಟ್ಟದ ಮೇಲಿನ ಮಂಜನ್ನು ಗುದ್ದಲಿಯಿಂದ ಕೆರೆಸುತ್ತಿದ್ದನಂತೆ. ಆಮೇಲೆ ನಮ್ಮ ಕಡೆಯ ಸಮುದ್ರಕ್ಕೆ ಬಂದನಂತೆ. ತನ್ನ ವಿಮಾನಗಳೆಲ್ಲ ಹಿಂತಿರುಗಿ ಇಳಿಯುವವರೆಗೆ ಮೇಲಿನ ಕಟ್ಟೆಯಲ್ಲಿ ಒಂದು ಕುರ್ಚಿಯಲ್ಲೇ ಕೂತಿರುತ್ತಿದ್ದನಂತೆ. ಯುದ್ಧ ಮುಗಿದ ಮೇಲೆ ಸಮುದ್ರದ ಪಕ್ಕದ ಯಾವುದೋ ಹಳ್ಳಿಯಲ್ಲಿ ತೋಟ ಮಾಡಿಕೊಂಡಿದ್ದು ಸತ್ತ. ತನ್ನ ಬಗ್ಗೆ ಏನೂ ಬರೆದಿಡಲಿಲ್ಲ. ಹಡಗಿನ ದಿನಚರಿಯನ್ನೂ ಇವರು ಎಲ್ಲಿಂದಲೋ ತರಿಸಿ ನೋಡಿದರು. ಆ ದಿನಗಳಲ್ಲಿ ಗಾಳಿಯ ದಿಕ್ಕು ಮತ್ತು ಹಾರಿದ, ಇಳಿದ ವಿಮಾನಗಳ ಲೆಕ್ಕ ಬಿಟ್ಟು ಬೇರೇನೂ ಇರಲಿಲ್ಲ. ಒಂದು ಫೋಟೋ ಸಿಕ್ಕಿತ್ತು. ಕೊರಳಿಗೆ ಟವೆಲ್ ಸುತ್ತಿಕೊಂಡ, ಶೇವ್ ಮಾಡದ ಮನುಷ್ಯ. "ಈತ ಆಮೇಲೆ ನಿದ್ದೆ ಮಾಡಿದ್ನೋ ಇಲ್ವೋ" ಎಂದರು ಅದನ್ನು ನೋಡುತ್ತಾ. ನಾನು ಹುಳಿ ಬಡಿಸಿದೆ.

ನನ್ನ ತೊಡಕು ಏನೆಂದರೆ, ನನಗೆ ಇನ್ನೊಂದು ಕಥೆಯೂ ಗೊತ್ತಿತ್ತು.

ಮಾವನವರು ಕೊನೆಯ ಕಾಲವನ್ನು ನಮ್ಮ ಜೊತೆ ಇಲ್ಲೇ ಕಳೆದರು. ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿನ ಬಳಿ ಬೀನ್ಸ್ ನಾರು ತೆಗೆದುಕೊಡುತ್ತಿದ್ದರು. ಟಿವಿಯಲ್ಲಿ ಬಿರುಗಾಳಿಯ ಸುದ್ದಿ, ಗಾಲ್ವೆಸ್ಟನ್‌ನ ಅಲೆಗಳು. ಅವರು ನೋಡುತ್ತಾ ಇದ್ದಕ್ಕಿದ್ದಂತೆ ಅಂದರು.

"ಅದು ನಿಲ್ಲಲಿಲ್ಲ ಮಾರಾಯ್ತಿ."

"ಯಾವುದು ಮಾವ?"

"ಆ ಹಡಗು. ಸೀದಾ ನಮ್ಮ ಕಡೆಗೇ ಬಂತು. ಮೇಲಿದ್ದವರ ಟೊಪ್ಪಿ ಕಾಣುವಷ್ಟು ಹತ್ತಿರ. ನಾವು ಕೂಗಿದೆವು. ಆಮೇಲೆ ಬೆನ್ನು ತಿರುಗಿಸಿ ಹೋಯಿತು. ನಮ್ಮನ್ನು ಎತ್ತಿದ್ದು ಮಾರನೇ ದಿನ, ಒಂದು ಸಣ್ಣ ಬೋಟು. ಅಷ್ಟು ಹೊತ್ತಿಗೆ ಹಲಗೆ ಹಿಡಿದವರಲ್ಲಿ ಕೆಲವರು ಬಿಟ್ಟಾಗಿತ್ತು."

ಅವರು ಬೀನ್ಸ್ ಮುರಿಯುವುದನ್ನು ನಿಲ್ಲಿಸಿರಲಿಲ್ಲ.

"ನಿನ್ನ ಗಂಡನ ಹತ್ರ ಹೇಳ್ಬೇಡ. ನಿಂತಿತು ಅಂತ ಅವನಿಗೆ ಹೇಳಿದ್ದು ನಾನೇ. ಆರು ವರ್ಷದ ಮಗು, ರಾತ್ರಿ ಕಥೆ ಬೇಕು ಅಂತಿತ್ತು. ಮತ್ತೆಂಥ ಹೇಳುವುದು?"

ನಾನು ಹೇಳಲಿಲ್ಲ. ಮಾವನವರು ಹೋದ ಮೇಲೂ ಹೇಳಲಿಲ್ಲ. ಮೈಕ್ ಹಿಡಿದು ನಿಂತ ಗಂಡನಿಗೆ ಹೇಳುವಂಥ ಮಾತಲ್ಲ ಅದು. ಈಗ ಪುರೋಹಿತರ ಫೋನ್ ಬಂದ ಮೇಲೆ ತಲೆ ಕಲಸಿಹೋಯಿತು. ತನ್ನ ಅಪ್ಪನನ್ನು ನೀರಿನಲ್ಲಿ ಬಿಟ್ಟುಹೋದವನಿಗೆ, ಕಾಪಾಡಿದವನೆಂದು ನಂಬಿ, ಇವರು ವರ್ಷವರ್ಷ ಎಳ್ಳುನೀರು ಬಿಟ್ಟರೇ? ಹಾಗಿದ್ದರೆ ಅದರಲ್ಲಿ ನನ್ನ ಮೌನದ ಪಾಲೂ ಇದೆ. ಅಥವಾ ಇವರಿಗೆ ಗೊತ್ತಿತ್ತೇ? ಗೊತ್ತಿದ್ದೂ ಕೊಟ್ಟರೆಂದರೆ, ನಲವತ್ತು ವರ್ಷಕ್ಕೂ ಮಿಕ್ಕಿ ಜೊತೆಗಿದ್ದ ಮನುಷ್ಯ ನನಗೆ ಅಷ್ಟು ಗೊತ್ತೇ ಇರಲಿಲ್ಲ. ಮಗನ ಕೈಯಲ್ಲಿ ಅದನ್ನು ಮುಂದುವರಿಸುವುದೋ ಬಿಡುವುದೋ ಎನ್ನುವುದಕ್ಕಿಂತ ನನಗೆ ಬೇಕಾಗಿದ್ದದ್ದು ಇದು. ಅವರಿಗೆ ಗೊತ್ತಿತ್ತೋ ಇಲ್ಲವೋ. ಕೇಳೋಣವೆಂದರೆ ಅವರಿಲ್ಲ.

ಮಗನ ಮನೆಗೆ ಆಸ್ಟಿನ್‌ಗೆ ಹೋದೆ. ಏನೂ ಬಿಡಿಸಿ ಹೇಳದೆ, ಅಪ್ಪನ ಆ ಹಡಗಿನಂಥದ್ದನ್ನು ಎಲ್ಲಾದರೂ ನೋಡಬಹುದೇ ಎಂದೆ. ಶನಿವಾರ ಅವನು ಊರಿನ ಪಶ್ಚಿಮಕ್ಕೆ ದೂರದ ಒಂದು ಯುದ್ಧ ಮ್ಯೂಸಿಯಂಗೆ ಡ್ರೈವ್ ಮಾಡಿಕೊಂಡು ಹೋದ. ಅಲ್ಲಿ ಗಾಜಿನೊಳಗೆ ಒಂದು ಸಣ್ಣ ಕ್ಯಾರಿಯರ್‌ನ ಮಾದರಿ ಇತ್ತು. ಇಸ್ತ್ರಿ ಮೇಜಿಗೆ ಹೊಟ್ಟೆ ಬಂದ ಹಾಗೆ ಕಾಣಿಸಿತು. ಅಲ್ಲಿದ್ದ ಒಬ್ಬ ಸ್ವಯಂಸೇವಕರು, ನನಗಿಂತ ಹಿರಿಯರು, ಹಿಂದೆ ನೌಕಾದಳದಲ್ಲಿದ್ದವರು. ಮಗ ನನ್ನ ಪ್ರಶ್ನೆಯನ್ನು ಅವರ ಮುಂದಿಟ್ಟ. ಇಂಥ ಹಡಗು ಸಮುದ್ರದಲ್ಲಿ ಬಿದ್ದವರಿಗಾಗಿ ನಿಲ್ಲುತ್ತದೆಯೇ?

ಅವರು ಎರಡೂ ಅಂಗೈಗಳನ್ನು ಹಡಗು ಮತ್ತು ವಿಮಾನ ಮಾಡಿಕೊಂಡು ತೋರಿಸಿದರು. ವಿಮಾನ ಇಳಿಯಬೇಕಾದರೆ ಹಡಗು ಗಾಳಿಗೆ ಎದುರಾಗಿ ತಿರುಗಿ ಓಡಬೇಕು. ಗಾಳಿ ಯಾವ ಕಡೆಯೋ ಹಡಗು ಆ ಕಡೆ. ವಿಮಾನ ಇಳಿಸಿಕೊಂಡ ಮೇಲೆ ತನ್ನ ದಾರಿಗೆ ಮತ್ತೆ ತಿರುಗಬೇಕು. ನೀರಿನಲ್ಲಿರುವವರ ಕಣ್ಣಿಗೆ ಅದು ತಮ್ಮನ್ನು ನೋಡಿ ಹತ್ತಿರ ಬಂದು, ಮನಸ್ಸು ಬದಲಿಸಿ ಹೋದ ಹಾಗೆ ಕಾಣಬಹುದು. ಸಬ್‌ಮರೀನ್ ಇರುವ ಕಡೆ ಕ್ಯಾರಿಯರ್ ನಿಂತರೆ ಅದರಲ್ಲಿರುವ ನೂರಾರು ಜನರ ಕಥೆ ಮುಗಿದಂತೆ. ಕ್ಯಾಪ್ಟನ್ ಮಾಡಬಹುದಾದದ್ದು ಒಂದೇ, ಜೊತೆಯ ಸಣ್ಣ ಹಡಗಿಗೆ ಸುದ್ದಿ ಕೊಡುವುದು.

"ಈತ ಕೊಟ್ಟಿರಬಹುದೇ?" ಎಂದು ಕೇಳಿಸಿದೆ.

ಕೊಟ್ಟಿರಬಹುದು. ಅವನು ನೋಡಿಯೇ ಇಲ್ಲದಿರಬಹುದು. ನೋಡಿ, ಆಗುವುದಿಲ್ಲ ಅಂದಿರಲೂಬಹುದು. ಮೂರನ್ನೂ ಅವರು ಒಂದೇ ದನಿಯಲ್ಲಿ ಹೇಳಿ, ಯಾರದೋ ಶಾಲೆಯ ಗುಂಪು ಬಂತೆಂದು ಅತ್ತ ಹೋದರು.

ಪಾರ್ಕಿಂಗ್‌ನಲ್ಲಿ ಮಗ ಕಾರು ಸ್ಟಾರ್ಟ್ ಮಾಡಲಿಲ್ಲ.

"ಅಮ್ಮಾ, ವಾಟ್ ಈಸ್ ದಿಸ್? ಅಪ್ಪನ ಕ್ಯಾಪ್ಟನ್ ಸ್ಟಾಪ್ ಮಾಡಿದ್ದ ಅಲ್ವಾ?"

ಅಲ್ಲೇ ಹೇಳಿದೆ. ಬೀನ್ಸ್, ಬೋಟು, ಪುರೋಹಿತರ ಫೋನು, ಎಲ್ಲ.

"ಅಪ್ಪ ಇದನ್ನ ನನ್ನ ಫಿಫ್ತ್ ಗ್ರೇಡ್ ಪ್ರಾಜೆಕ್ಟ್ ಮಾಡಿಸಿದ್ರು. ಪೋಸ್ಟರ್ ಬೋರ್ಡ್ ಮೇಲೆ, ಗ್ಲಿಟರ್ ಹಾಕಿ."

"ಅವರಿಗೆ ಗೊತ್ತಿರ್ಲಿಲ್ಲ ಅನ್ಸುತ್ತೆ."

"ದೆನ್ ನಾನು ಆ ಮನುಷ್ಯನಿಗೆ ಕೊಡಲ್ಲ. ಸಾರಿ. ಅಜ್ಜನ ಫ್ರೆಂಡ್ಸ್ ಸತ್ರು, ಅವರಿಗೆ ಬೇಕಾದ್ರೆ ಕೊಡ್ತೀನಿ."

ಅವನು ಹೇಳಿದ್ದು ತಪ್ಪೆನಿಸಲಿಲ್ಲ. ಸರಿಯೆಂದೂ ಒಪ್ಪಲಾಗಲಿಲ್ಲ.

ಅಲ್ಲಿಂದ ಡಲ್ಲಾಸ್‌ಗೆ, ಮಗಳ ಮನೆಗೆ. ಅವಳು ಕೆಲಸಕ್ಕೆ ರಜೆ ಹಾಕಿ ನನ್ನನ್ನು ಆ ಹಿರಿಯ ಪುರೋಹಿತರ ಮನೆಗೆ ಬಿಟ್ಟು, "ನೀನೇ ಮಾತಾಡು, ನಾನು ಅತ್ತುಬಿಡ್ತೀನಿ" ಎಂದು ಕಾರಿನಲ್ಲೇ ಕೂತಳು. ಅವರು ಕ್ರಿಕೆಟ್ ನೋಡುತ್ತಿದ್ದರು. ಟಿವಿಯ ಸದ್ದು ತಗ್ಗಿಸಿದರು, ಆದರೆ ಆರಿಸಲಿಲ್ಲ. ನಾನು ವಿಷಯ ಎತ್ತಿದ ಕೂಡಲೇ, "ಅಯ್ಯೋ, ನಿಮಗೆ ಹೇಳಬಾರದು ಅಂದಿದ್ರಲ್ಲ ರಾಯರು" ಎಂದರು.

"ಏನನ್ನ?"

"ಅವರು ತಮ್ಮ ಅಪ್ಪನ ಕಾರ್ಯ ಆದ ವರ್ಷ ಕೇಳಿದ್ರು, ಕುಲಕ್ಕೆ ಸೇರದವರಿಗೆ ಕೊಡಬಹುದಾ ಅಂತ. ಧಾರಾಳವಾಗಿ ಕೊಡಬಹುದು, ಗುರುಗಳು, ಗೆಳೆಯರು, ಉಪಕಾರ ಮಾಡಿದವರು ಎಲ್ಲರಿಗೂ ಇದೆ ಅಂದೆ. ನನಗೂ ಆ ಕಥೆ ಗೊತ್ತಿತ್ತಲ್ಲ, ಎಷ್ಟು ಸಲ ಕೇಳಿಲ್ಲ. ಸರಿ, ಪ್ರಾಣ ಉಳಿಸಿದವನು, ಉಪಕಾರಿಗಳ ಜೊತೆ ಸೇರಿಸೋಣ ಅಂದೆ. ಇಲ್ಲ ಸ್ವಾಮಿ, ಅವನು ಉಳಿಸಲಿಲ್ಲ, ನಿಲ್ಲಿಸದೆ ಹೋದವನು ಅಂದ್ರು."

ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

"ಮತ್ಯಾಕೆ ಕೊಡ್ತೀರಿ ಅಂದೆ. ಅಪ್ಪ ಕೊನೆಗಾಲದಲ್ಲಿ ನೆನೆಸಿಕೊಂಡಿದ್ದು ನನ್ನನ್ನಲ್ಲ, ನಮ್ಮಮ್ಮನನ್ನೂ ಅಲ್ಲ, ಅವನನ್ನ. ಅಪ್ಪನ ಜೊತೆ ಅಷ್ಟು ವರ್ಷ ಇದ್ದವನು ನೆಂಟನಲ್ಲದೆ ಇನ್ನೇನು ಅಂದ್ರು. ಶಾಸ್ತ್ರದಲ್ಲಿ ಇದಕ್ಕೆ ಜಾಗ ಹುಡುಕೋದು ನಿಮ್ಮ ಕೆಲಸ ಅಂತಲೂ ಅಂದ್ರು, ನಕ್ಕೊಂಡು. ನಾನು ಕೊನೇಲಿ, ಯಾರೂ ಇಲ್ಲದವರ ಜೊತೆ ಸೇರಿಸಿದೆ."

"ನನಗೆ ಯಾಕೆ ಹೇಳಬಾರದು ಅಂದ್ರು?"

"ಅವಳು ಹಡಗು ನಿಂತಿತು ಅಂತ ನಂಬಿದಾಳೆ, ಹಾಗೇ ಇರಲಿ ಅಂದ್ರು."

ಅವರ ಹೆಂಡತಿ ಕಾಫಿ ತಂದುಕೊಟ್ಟರು. ಕುಡಿದೆ. ನನಗೂ ಗೊತ್ತಿತ್ತು ಎಂದು ಬಾಯಿಯವರೆಗೆ ಬಂದದ್ದನ್ನು ಹೇಳಲಿಲ್ಲ. ಯಾರಿಗೆ ಹೇಳಬೇಕಿತ್ತೋ ಅವರಿರಲಿಲ್ಲ.

ಹ್ಯೂಸ್ಟನ್ನಿಗೆ ಹಿಂತಿರುಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದನ್ನು ಇನ್ನೊಂದಕ್ಕೆ ಕೂಡಿಸಲು ನೋಡಿದೆ. ಇವರಿಗೆ ಗೊತ್ತಿತ್ತು. ಅಷ್ಟು ಸಿಕ್ಕಿತು, ಸಮಾಧಾನವಾಗಬೇಕಿತ್ತು. ಆದರೆ ಗೊತ್ತಾದ ಮೇಲೂ ಮೈಕ್ ಹಿಡಿದು ಅದೇ ಕಥೆ ಹೇಳಿದರಲ್ಲ, ಅದು ಯಾರಿಗಾಗಿ? ಮಾವನವರು ಇವರಿಗೂ ಹೇಳಿ, "ನಿನ್ನ ಹೆಂಡತಿ ಹತ್ರ ಹೇಳ್ಬೇಡ" ಅಂದಿದ್ದರೇ? ಹಾಗಿದ್ದರೆ ಹಡಗು ನಿಲ್ಲಲಿಲ್ಲವೆಂದು ಬಲ್ಲ ಇಬ್ಬರು, ಒಂದೇ ಮನೆಯಲ್ಲಿ, ಅದು ನಿಂತಿತೆಂದು ಒಬ್ಬರಿಗೊಬ್ಬರು ನಟಿಸುತ್ತಾ ಇಷ್ಟು ವರ್ಷ ಊಟ ಮಾಡಿದೆವು. ಆ ಫೋಟೋ ನೋಡಿ ಅವರು ಹಾಗೆ ಅಂದ ದಿನ ನಾನು ಬಾಯಿಬಿಟ್ಟಿದ್ದರೆ ಏನಾಗುತ್ತಿತ್ತು? ಗೊತ್ತಿಲ್ಲ. ಬಹುಶಃ ಏನೂ ಆಗುತ್ತಿರಲಿಲ್ಲ, ಹುಳಿ ಆರುತ್ತಿತ್ತು.

ಅಮಾವಾಸ್ಯೆಯ ದಿನ ಮಗ ಬಂದ. ಡಲ್ಲಾಸ್‌ನಿಂದಲೇ ಫೋನಿನಲ್ಲಿ ಎಲ್ಲ ಹೇಳಿದ್ದೆ. ಆಗ ಅವನು "ಓಕೆ" ಎಂದಷ್ಟೇ ಅಂದಿದ್ದ. ಹಾಲ್‌ನ ಕಾರ್ಪೆಟ್ ಮೇಲೆ ಪ್ಲಾಸ್ಟಿಕ್ ಹಾಸಿ ತಟ್ಟೆ ಇಟ್ಟುಕೊಂಡು ಕೂತ. ಅಪ್ಪ, ಅಜ್ಜ, ಮುತ್ತಜ್ಜ, ಅಜ್ಜಿಯರು. ನನ್ನ ಯಜಮಾನರ ಹೆಸರು ಬಂದಾಗ ನಾನು ಒಲೆಯ ಉರಿ ತಗ್ಗಿಸಿ ನಿಂತೆ. ಈ ಸಲ ಅಡುಗೆಮನೆಯ ಬಾಗಿಲು ಮುಚ್ಚಿರಲಿಲ್ಲ. ಕೊನೆಗೆ ಪುರೋಹಿತರು ಮಂತ್ರ ನಿಲ್ಲಿಸಿ ನನ್ನ ಕಡೆ ನೋಡಿದರು. ಮಗನೂ ನೋಡಿದ.

"ಏನಂತ ಹೇಳ್ಬೇಕಮ್ಮಾ? ಸೇವ್ ಮಾಡಿದೋನು ಅಂತಾನಾ, ಮಾಡದೆ ಇದ್ದೋನು ಅಂತಾನಾ?"

"ಅದೇನೂ ಹೇಳ್ಬೇಡ" ಎಂದೆ. "ಕಾಶ್ಯಪ ಗೋತ್ರ. ಅಷ್ಟು ಸಾಕು."

ಪುರೋಹಿತರು ಹೇಳಿಕೊಟ್ಟರು. ಅವನು ಸ್ವಲ್ಪ ಹೊತ್ತು ಕೈಯಲ್ಲಿ ಎಳ್ಳು ಹಿಡಿದುಕೊಂಡೇ ಇದ್ದ. ಬಿಡುವುದಿಲ್ಲವೇನೋ ಅಂದುಕೊಂಡೆ. ಆಮೇಲೆ ಅಂಗೈ ಓರೆ ಮಾಡಿದ, ಹೆಬ್ಬೆರಳ ಪಕ್ಕದಿಂದ ನೀರು ಇಳಿಯಿತು.

ಪುರೋಹಿತರನ್ನು ಊಟಕ್ಕೆ ಕೂರಿಸಿದ ಮೇಲೆ ಅವನು ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತ. ಕೈಗೆ ಅಂಟಿದ ಎಳ್ಳನ್ನು ಒಂದೊಂದಾಗಿ ಬಿಡಿಸುತ್ತಿದ್ದ.

"ಅಮ್ಮಾ, ನನ್ನ ಮಗಳು ಕೇಳ್ತಿದಾಳೆ, ತಾತಂದು ಆ ಶಿಪ್ ಸ್ಟೋರಿ ಹೇಳು ಅಂತ. ನಾನು ಯಾವುದನ್ನ ಹೇಳ್ಲಿ?"

ಅವಳಿಗೂ ಈಗ ಆರು ವರ್ಷ. ಮೊದಲು ಊಟ ಮಾಡು ಬಾ ಎಂದು ಅವನಿಗೂ ಎಲೆ ಹಾಕಿದೆ.