ಅಪ್ಪನ ಕಿವಿ ಮಂದವಾದ ದಿನ

ಪಿರಿಯಾಪಟ್ಟಣದ ಕೋರ್ಟಿಗೆ ಅಪ್ಪನ ಜೊತೆ ನಾನು ಹೋದದ್ದು ಧೈರ್ಯ ಹೇಳುವುದಕ್ಕೆ. ಧೈರ್ಯ ಹೇಳುವ ಮುಖ ನನ್ನದಲ್ಲ ಎಂದು ಅವ್ವ ಮೊದಲೇ ಹೇಳಿದ್ದಳು.

ಅಪ್ಪ ಕೊಪ್ಪದ ಒಂದು ಶಾಲೆಯ ವ್ಯಾನ್ ಓಡಿಸುತ್ತಿದ್ದ. ತಿರುವಿನಲ್ಲಿ ತಂಬಾಕು ತುಂಬಿದ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಹೋಗಿ, ಎದುರಿಗೆ ಬಂದ ಪೊಲೀಸ್ ಜೀಪಿನ ಮುಂದೆಯೇ ಹೋಗಿ ನಿಂತಿದ್ದ. ವ್ಯಾನಿನಲ್ಲಿ ಮಕ್ಕಳಿರಲಿಲ್ಲ, ಅದೊಂದು ಪುಣ್ಯ. ಡಿಎಲ್ಲು ಪೊಲೀಸರ ಕೈ ಸೇರಿ, ಅಲ್ಲಿಂದ ಕೋರ್ಟಿನ ಫೈಲು ಸೇರಿತ್ತು. ‘ಸೋಮವಾರ ಡಿಎಲ್ ತೋರಿಸಿ ಕೀ ತಗೊಳ್ಳಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀವಿ’ ಎಂದಿದ್ದರು ಶಾಲೆಯವರು. ಅವತ್ತು ಶುಕ್ರವಾರ.

ಇಂಥ ಕೇಸುಗಳಿಗೆ ಅಲ್ಲಿ ಒಂದು ನಿಮಿಷವೂ ಬೇಡ. ಜವಾನ ಬಾಗಿಲಲ್ಲಿ ನಿಂತು ಹೆಸರನ್ನು ಮೂರು ಸಲ ಕೂಗುತ್ತಾನೆ. ಒಳಗೆ ಹೋಗಿ ಕೈಮುಗಿಯಬೇಕು. ‘ತಪ್ಪು ಒಪ್ಕೋತೀರಾ?’ ‘ಒಪ್ಕೋತೀನಿ ಸ್ವಾಮಿ.’ ದಂಡ, ರಸೀದಿ, ಮುಂದಿನವನು. ಹೆಲ್ಮೆಟ್ ಇಲ್ಲದವರು, ಒನ್‌ವೇಗೆ ನುಗ್ಗಿದವರು, ಒಂದೇ ಬೈಕಿನಲ್ಲಿ ಮೂವರು ಕೂತು ಸಿಕ್ಕಿಬಿದ್ದು ಕೋರ್ಟಿಗೂ ಹಾಗೆಯೇ ಬಂದವರು, ಎಲ್ಲರಿಗೂ ಒಂದೇ ಸಾಲು.

ಕಾದು ಬೇಜಾರಾಯಿತು. ಬೇಜಾರಾದರೆ ನನ್ನ ಗಂಟಲು ಸುಮ್ಮನಿರುವುದಿಲ್ಲ. ಜವಾನನದು ಮೂಗಿನಿಂದ ಹೊರಡುವ ದನಿ, ಕೊನೆಯ ಅಕ್ಷರವನ್ನು ರಬ್ಬರಿನಂತೆ ಎಳೆಯುತ್ತಿದ್ದ. ಕಂಬದ ಮರೆಯಲ್ಲಿ ನಿಂತು ಹಾಗೆಯೇ ಅಪ್ಪನ ಹೆಸರು ಕೂಗಿದೆ. ಅಪ್ಪ ಬೆಂಚಿನಿಂದ ದಡಬಡ ಎದ್ದು, ಹೆಗಲ ಟವೆಲ್ ಕಂಕುಳಿಗೆ ಸೇರಿಸಿ ಬಾಗಿಲಿಗೆ ಓಡಿದ. ಸಾಲಿನವರೆಲ್ಲ ನಕ್ಕರು.

“ಥೂ ನಿನ್ನ! ನಿಮ್ಮಪ್ಪಂಗೇ ಆಟ ಕಟ್ಟೀಯಲ್ಲಲಾ” ಎಂದು ಅಪ್ಪನೂ ನಕ್ಕ. ನಗಿಸಿದೆನಲ್ಲ ಎಂದು ಬೀಗಿ ಇನ್ನೊಮ್ಮೆ ಕೂಗಿದೆ. ಎರಡನೆಯ ಸಲವೂ ಎದ್ದ. ಮತ್ತೆ ನಗು.

ಆಮೇಲೆ ಅಪ್ಪ ಹೊರಗೆ ಮರದಡಿ ಹೋಗಿ ಕೂತ. ನಾನು ಆಧಾರ್ ಜೆರಾಕ್ಸ್ ಮಾಡಿಸಲು ರಸ್ತೆಯಾಚೆ ಹೋದೆ. ವಾಪಸು ಬಂದಾಗ ಅಪ್ಪ ಇನ್ನೂ ಮರದಡಿಯೇ ಇದ್ದ.

“ಈ ಸಲ ಸಕತ್ತಾಗಿ ಕೂಗ್ದೆ ಕಣ್ಲಾ. ಮೂರ್ ಸಲಾನೂ! ನಾನೇನ್ ಎದ್ದೇಳ್ನಿಲ್ಲ ಬುಡು.”

“ಅಪ್ಪೋ, ನಾನು ಕೂಗಿಲ್ಲ. ಜೆರಾಕ್ಸ್ ಅಂಗಡೀಲಿದ್ದೆ.”

ಅಪ್ಪ ನನ್ನ ಕೈಯಲ್ಲಿದ್ದ ಹಾಳೆ ನೋಡಿದ. ಬೈಯಲಿಲ್ಲ. ಇಬ್ಬರೂ ಬಾಗಿಲಿಗೆ ಓಡಿದೆವು.

ಒಳಗೆ ವಾರಂಟು ಬರೆದಾಗಿತ್ತು. ಗುಮಾಸ್ತರನ್ನು ಕಾಡಿ ಬೇಡಿ, ಸಾಲಿನ ಕೊನೆಗೆ ಮತ್ತೆ ಕರೆಸಿದೆವು. ನ್ಯಾಯಾಧೀಶರು ಫೈಲಿನಿಂದ ತಲೆಯೆತ್ತಿದರು.

“ಕೂಗಿದಾಗ ಯಾಕ್ರೀ ಬರಲಿಲ್ಲ?”

ನಾನು ಹಿಂದೆ, ಬಾಗಿಲ ಪಕ್ಕ ನಿಂತಿದ್ದೆ. ಜವಾನನೂ ಅಲ್ಲೇ ಇದ್ದ. ಅಪ್ಪ ನನ್ನ ಕಡೆ ತಿರುಗದೆ ಹೇಳಿದ:

“ಕೇಳಿಸ್ನಿಲ್ಲ ಸ್ವಾಮಿ. ಕಿವಿ ವಸಿ ಮಂದ.”

“ಕಿವಿ ಮಂದ ಅಂತೀರಿ, ಮಕ್ಕಳ ವ್ಯಾನ್ ಓಡಿಸ್ತೀರಿ. ಹಿಂದಿನವನ ಹಾರ್ನ್ ಕೇಳುತ್ತಾ ನಿಮಗೆ?”

ಊರಿನವರನ್ನೆಲ್ಲ ಅಣಕಿಸುವ ನನ್ನ ಬಾಯಿಗೆ ‘ಸ್ವಾಮಿ, ತಪ್ಪು ನನ್ನದು’ ಎನ್ನುವ ಮೂರು ಪದ ಬರಲಿಲ್ಲ.

ವಾರಂಟು ರದ್ದಾಯಿತು, ದಂಡವೂ ಮುಗಿಯಿತು. ಡಿಎಲ್ಲು ಮಾತ್ರ ಫೈಲಿನಲ್ಲೇ ಉಳಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ ತೋರಿಸಿ ಸರ್ಟಿಫಿಕೇಟ್ ತಂದರೆ ಕೊಡುವುದಾಗಿ ಆದೇಶ.

ಕಿವಿ ಡಾಕ್ಟರು ಸಿಕ್ಕಿದ್ದು ಸೋಮವಾರವೇ. ಅಪ್ಪನ ಬೆನ್ನ ಹಿಂದೆ ನಿಂತು ಅವರು ಪಿಸುಗುಟ್ಟಿದರು. ‘ಅಕ್ಕಿ’ ಎಂದರೆ ಅಕ್ಕಿ, ‘ನಲವತ್ತು’ ಎಂದರೆ ನಲವತ್ತು, ಅಪ್ಪ ಒಂದನ್ನೂ ಬಿಡದೆ ಹೇಳಿದ. ನಡುವೆ ಶಾಲೆಯಿಂದ ಫೋನ್ ಬಂತು: ಕೀ ಬೇರೆಯವರಿಗೆ ಕೊಟ್ಟಾಯಿತಂತೆ. ಅಪ್ಪ ಕಿವಿಗಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡ.

“ಆಯ್ತು ಬುಡಿ ಸಾರ್” ಎಂದು ಫೋನ್ ಇಟ್ಟ.

“ಕಿವಿ ಚೆನ್ನಾಗಿದೆಯಲ್ರೀ” ಎಂದರು ಡಾಕ್ಟರು, ಸೀಲು ಒತ್ತುತ್ತಾ.

“ಊಂ ಸಾರ್” ಎಂದ ಅಪ್ಪ.